ಬುಕ್ಕರಾಯನ ಧರ್ಮಶಾಸನ

ಬಸದಿಗಳಲ್ಲಿ ಇಂದು ನಿರಾತಂಕವಾಗಿ ಮೊಳಗುವ ಪಂಚಮಹಾವಾದ್ಯಗಳಿಗಾಗಿ, ಕಲಶದ ಗೌರವಕ್ಕಾಗಿ ನಮ್ಮ ಹಿರಿಯರು ಅರಸನ ಬಾಗಿಲಿಗೆ ಹೋಗಬೇಕಾದ ಕಾಲವೊಂದಿತ್ತು. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಭವ್ಯಜನರು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದೂ ವಾದ್ಯ ಕಲಶಗಳು ಜೈನರಿಗೆ ಮೊದಲಿನಂತೆ ಸಲ್ಲತಕ್ಕವೆಂದೂ ನಿರ್ಣಯಿಸಿದನು. ಕ್ರಿ.ಶ. 1368ರ ಈ ಶಾಸನವು ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ಇದೆ. ಮಾಗಡಿ ಸೀಮೆಯ ಕಲ್ಯದಲ್ಲಿಯೂ ಇದರ ಪ್ರತಿಯುಂಟು.

ಬರಿಯ ಬಾಯಿಮಾತಿನ ರಾಜಿಯಾಗಿದ್ದರೆ ಅಂದೇ ಮರೆತುಹೋಗುತ್ತಿತ್ತು. ವ್ಯಾಪಾರಿಯಾದ ನನಗೆ ಮೆಚ್ಚುಗೆಯಾಗುವುದು ಅದರ ಲೆಕ್ಕಾಚಾರ. ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷವರ್ಷವೂ ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ತಾತಯ್ಯನಾದರೋ ಶ್ರೀವೈಷ್ಣವ! ಯಾರ ಮೇಲೆ ದೂರಿತ್ತೋ ಅವರ ಪಂಗಡದವನಿಗೇ ಬಸದಿಯ ಕಾವಲನ್ನು ಒಪ್ಪಿಸಿದ ರಾಯನ ಜಾಣ್ಮೆ ಸಾಮಾನ್ಯವಾದುದಲ್ಲ.

ಮುಂದೆ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಮತ್ತೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ ಕೂಡಿ ಆ ಸೆಟ್ಟಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.