ಬಜ್ಜಿ ಕಟ್ಟಲು ಹಳೆ ಪೇಪರ್: ಉಳಿತಾಯವೋ, ಅಪಾಯವೋ?

"ಹಳೆ ಪೇಪರ್ ಬಿಸಾಡಬೇಡಿ, ಮನೆಯಲ್ಲೇ ಹೀಗೆ ಬಳಸಿ" ಎನ್ನುವ ವಿಡಿಯೊಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಅವುಗಳಲ್ಲಿ ಹೆಚ್ಚಿನ ಸಲಹೆಗಳು ಒಳ್ಳೆಯವೇ. ಆದರೆ ನಡುವೆ ಒಂದು ಸಲಹೆ ಸದ್ದಿಲ್ಲದೆ ಸೇರಿಕೊಂಡಿರುತ್ತದೆ: "ಕರಿದ ತಿಂಡಿಯನ್ನು ಪೇಪರ್ ಮೇಲೆ ಹಾಕಿ, ಎಣ್ಣೆ ಹೀರಿಕೊಳ್ಳುತ್ತದೆ, ಆರೋಗ್ಯಕ್ಕೆ ಒಳ್ಳೆಯದು." ಇದು ನಿಜವೇ? ಬನ್ನಿ, ನೋಡೋಣ.

ಚುಟುಕಾಗಿ ಹೇಳುವುದಾದರೆ: ಹಳೆ ಪೇಪರ್ ಮನೆಗೆ ಬಹಳ ಉಪಯೋಗಿ, ಆದರೆ ಊಟ-ತಿಂಡಿಗೆ ತಾಗಬಾರದು. ಅದರಲ್ಲೂ ಬಿಸಿಯಾದ, ಎಣ್ಣೆಯಿರುವ ತಿಂಡಿಗೆ ತಾಗಲೇಬಾರದು.

ಕಾಗದದ ಊರಿನವರಿಗೆ ಗೊತ್ತಿರುವ ವಿಷಯ

ಶಿವಮೊಗ್ಗ, ಭದ್ರಾವತಿಯವರಿಗೆ ಕಾಗದ ಹೊಸದಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್, ಅಂದರೆ ಎಂಪಿಎಂ, ಇದ್ದದ್ದು ಭದ್ರಾವತಿಯಲ್ಲೇ. ಮುಂದೆ ಅಲ್ಲಿ ದಿನಪತ್ರಿಕೆ ಮುದ್ರಿಸುವ ಕಾಗದವೂ ತಯಾರಾಯಿತು. ಕೆಲವು ವರ್ಷಗಳಿಂದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿದೆ. ಆದರೂ ಪೇಪರ್ ಟೌನ್ ಎನ್ನುವ ಹೆಸರು ಉಳಿದಿದೆ.

ಹಳೆ ಪೇಪರನ್ನು ವ್ಯರ್ಥ ಮಾಡದಿರುವುದೂ ನಮ್ಮ ಕಡೆಯ ಹಳೆಯ ಅಭ್ಯಾಸ. ಭದ್ರಾವತಿ, ಶಿವಮೊಗ್ಗ ಎರಡೂ ಊರುಗಳನ್ನು ಹಾದುಹೋಗುವ ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ನಿಂತರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿಗಳು ಕಾಣುತ್ತವೆ. ಇಂಥ ಗಾಡಿಗಳಲ್ಲಿ ಪೇಪರ್ ಪೊಟ್ಟಣ ಕಂಡರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಪ್ಲಾಸ್ಟಿಕ್‌ಗಿಂತ ಪೇಪರ್ ವಾಸಿ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಕಸದ ವಿಷಯದಲ್ಲಿ ಅದು ಸರಿ. ಹೊಟ್ಟೆಯ ವಿಷಯ ಮಾತ್ರ ಬೇರೆ.

ಪತ್ರಿಕೆ ಓದಿದರೆ ಬೆರಳು ಕಪ್ಪಾಗುವುದೇಕೆ?

ಇಡೀ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪತ್ರಿಕೆಯ ಕಪ್ಪು ಶಾಯಿ ಎಂದರೆ ಮುಖ್ಯವಾಗಿ ಮಸಿಯಂಥ ಇಂಗಾಲದ ಪುಡಿ ಮತ್ತು ಅದನ್ನು ಹಿಡಿದಿಡುವ ಎಣ್ಣೆ. ಹೆಚ್ಚಿನ ಶಾಯಿಗಳಲ್ಲಿ ಈ ಎಣ್ಣೆ ಪೆಟ್ರೋಲಿಯಂನಿಂದ ಬಂದ ಖನಿಜ ತೈಲ. ದಿನಪತ್ರಿಕೆಯ ಶಾಯಿ ಗೋಡೆಯ ಬಣ್ಣದ ಹಾಗೆ ಗಟ್ಟಿಯಾಗಿ ಒಣಗುವುದಿಲ್ಲ. ಅದರ ಎಣ್ಣೆ ಕಾಗದದೊಳಗೆ ಇಂಗುತ್ತದೆ, ಅಷ್ಟೆ. ಹಾಗಾಗಿಯೇ ಬೆರಳಿಗೆ ಅಂಟುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಬಿಳಿ ಬಟ್ಟೆಯ ಚೂರಿಗೆ ಎರಡು ಹನಿ ಬೆಚ್ಚಗಿನ ಅಡುಗೆ ಎಣ್ಣೆ ಹಾಕಿ, ಪತ್ರಿಕೆಯ ದೊಡ್ಡ ತಲೆಬರಹದ ಮೇಲೆ ಉಜ್ಜಿ. ಬಟ್ಟೆ ಕಪ್ಪಾಗುತ್ತದೆ. ಎಣ್ಣೆಯಲ್ಲಿ ಎಣ್ಣೆ ಸುಲಭವಾಗಿ ಬೆರೆಯುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ. ಬಾಣಲೆಯಿಂದ ಆಗಷ್ಟೇ ತೆಗೆದ ಬಜ್ಜಿಯಲ್ಲಿ ಬಿಸಿಯೂ ಇದೆ, ಎಣ್ಣೆಯೂ ಇದೆ. ಪೇಪರ್ ಬಜ್ಜಿಯ ಎಣ್ಣೆ ಹೀರುತ್ತದೆ, ನಿಜ. ಅದೇ ಹೊತ್ತಿಗೆ ಬಜ್ಜಿಯೂ ಪೇಪರಿನ ಎಣ್ಣೆಯನ್ನು ಹೀರುತ್ತದೆ.

ಇದರಿಂದ ಕ್ಯಾನ್ಸರ್ ಬರುತ್ತದೆಯೇ?

ಒಂದು ಪೊಟ್ಟಣ ಮಂಡಕ್ಕಿ ತಿಂದರೆ ಕ್ಯಾನ್ಸರ್ ಬರುತ್ತದೆ ಎಂದು ಹೆದರಿಸುವ ಸಂದೇಶಗಳನ್ನೂ ನಂಬಬೇಡಿ. ಇಲ್ಲಿರುವುದು ದಿನದಿನವೂ ಸ್ವಲ್ಪ ಸ್ವಲ್ಪ ದೇಹಕ್ಕೆ ಸೇರುವ ಪ್ರಶ್ನೆ. ಖನಿಜ ತೈಲದಲ್ಲಿ ಎರಡು ಗುಂಪಿನ ಅಂಶಗಳಿವೆ. ಅವುಗಳಲ್ಲಿ ಆರೊಮ್ಯಾಟಿಕ್ ಗುಂಪಿನ ಕೆಲವು ಅಂಶಗಳು ಜೀವಕೋಶದ ಡಿಎನ್‌ಎಗೆ ಹಾನಿ ಮಾಡಿ ಕ್ಯಾನ್ಸರ್‌ಗೆ ಕಾರಣವಾಗುವ ಸಾಧ್ಯತೆ ಇದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲೇ ಹೇಳಿತ್ತು. 2023ರ ಮರುಪರಿಶೀಲನೆಯಲ್ಲೂ ಈ ಗುಂಪಿನ ಬಗ್ಗೆ ಆತಂಕ ಉಳಿದಿದೆ. ಬಣ್ಣದ ಪುಟಗಳ ಶಾಯಿಯಲ್ಲಿ ಬೇರೆ ರಾಸಾಯನಿಕಗಳೂ ಇರುತ್ತವೆ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರ ಡಿಸೆಂಬರ್‌ನಲ್ಲಿ ಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ ಎಂದು ಸಲಹೆ ಹೊರಡಿಸಿತು. 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರ ಕಟ್ಟಲು ಮತ್ತು ಇಡಲು ಪತ್ರಿಕೆ ಬಳಸುವುದನ್ನು ನಿಷೇಧಿಸಿವೆ. 2023ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರ ಮತ್ತೊಮ್ಮೆ ಎಚ್ಚರಿಸಿತು. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹೆಚ್ಚು ಜಾಗ್ರತೆ ಬೇಕು.

"ಈಗ ಸೋಯಾ ಎಣ್ಣೆಯ ಶಾಯಿ ಬಂದಿದೆ, ಭಯವಿಲ್ಲ" ಎಂಬ ವಾದವೂ ಇದೆ. ಎಣ್ಣೆ ಸೋಯಾದ್ದಾದರೂ ಬಣ್ಣ ಮತ್ತು ಉಳಿದ ಪದಾರ್ಥಗಳು ತಿನ್ನಲು ಮಾಡಿದವಲ್ಲ. ಮೇಲಾಗಿ ಆ ಪೇಪರ್ ಗುಜರಿ ಅಂಗಡಿಯಲ್ಲಿ ಇಲಿ, ಜಿರಲೆ, ಧೂಳಿನ ನಡುವೆ ಎಷ್ಟು ದಿನ ಬಿದ್ದಿತ್ತು ಎನ್ನುವುದು ಯಾರಿಗೂ ತಿಳಿಯದು.

ಹಾಗಾದರೆ ಎಣ್ಣೆ ಬಸಿಯುವುದು ಹೇಗೆ?

ಕರಿದ ತಿಂಡಿ ಬಾಣಲೆಯಿಂದ ಹೊರಬಂದು ಆರುವಾಗಲೇ ಅದರ ಮೇಲಿನ ಎಣ್ಣೆ ಹೆಚ್ಚಾಗಿ ಒಳಗೆ ಇಳಿಯುತ್ತದೆ. ಆದ್ದರಿಂದ ಬಿಸಿ ಇರುವಾಗಲೇ ಜಾಲರಿ ಸೌಟಿನಲ್ಲಿ ಚೆನ್ನಾಗಿ ಕೊಡವಿ, ತೂತಿನ ಸ್ಟೀಲ್ ತಟ್ಟೆಯ ಮೇಲೆ ಹರಡಿ, ಕೆಳಗೊಂದು ಪಾತ್ರೆ ಇಡಿ. ಪೇಪರಿನ ಅಗತ್ಯವೇ ಇಲ್ಲ.

ಬಡಿಸಲು, ಕಟ್ಟಲು ನಮ್ಮ ಜಿಲ್ಲೆಯಲ್ಲಿ ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗೆ ಬರವಿಲ್ಲ. ಹಾಳೆ ತಟ್ಟೆ ಮಳೆಗಾಲದಲ್ಲಿ ಬೇಗ ಬೂಸ್ಟು ಹಿಡಿಯುತ್ತದೆ. ಬೂಸ್ಟು ಕಂಡದ್ದನ್ನು ಒರೆಸಿ ಬಳಸಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಗಾಡಿಗೆ ಹೋಗುವಾಗ ಒಂದು ಸ್ಟೀಲ್ ಡಬ್ಬಿ ಒಯ್ದರೆ ಅಂಗಡಿಯವರಿಗೂ ಪೇಪರಿನ ಖರ್ಚು ಉಳಿಯುತ್ತದೆ. ಅವರ ಮೇಲೆ ರೇಗುವುದಕ್ಕಿಂತ ಇದು ಒಳ್ಳೆಯ ದಾರಿ.

ಹಳೆ ಪೇಪರನ್ನು ಹೀಗೆ ಬಳಸಿ

*ಕವರ್:* ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿದರೆ ಅಂಟು ಸಿದ್ಧ. ಪೇಪರನ್ನು ಎರಡು ಪದರ ಮಾಡಿ ಮಡಚಿ ಅಂಟಿಸಿ. ಸೋಪು, ಬಳೆ, ಪುಸ್ತಕ, ದೀಪದ ಬತ್ತಿ ಹಾಕಲು ಸಾಕು. ಹುಳ ಬಾರದಿರಲಿ ಎಂದು ಕೆಲವರು ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಕೈಗೆ ಸಿಗುವಂತೆ ಇರಬಹುದು. ಅದು ವಿಷ. ಮಕ್ಕಳು ಮುಟ್ಟುವ ಕವರಿಗೆ ಖಂಡಿತ ಬೇಡ.

*ಮಳೆಗಾಲಕ್ಕೆ:* ಒದ್ದೆ ಶೂ, ಬೂಟಿನೊಳಗೆ ಪೇಪರಿನ ಉಂಡೆ ತುಂಬಿ. ಕಾಗದದ ನಾರು ತೇವ ಎಳೆದುಕೊಳ್ಳುತ್ತದೆ. ಕೆಲವು ಗಂಟೆಗೊಮ್ಮೆ ಬದಲಿಸಿ. ಹಾಗೇ ಬಿಟ್ಟರೆ ಒದ್ದೆ ಪೇಪರೇ ಬೂಸ್ಟಿಗೆ ಮನೆಯಾಗುತ್ತದೆ.

*ಸಸಿಗೆ:* ಲೋಟಕ್ಕೆ ಪೇಪರ್ ಸುತ್ತಿ, ತಳ ಮಡಚಿ, ಲೋಟ ಹೊರಗೆಳೆದರೆ ಪುಟ್ಟ ಕುಂಡ. ಮಣ್ಣು ತುಂಬಿ ಸೌತೆ, ಹೀರೆ, ಹಾಗಲ ಬೀಜ ಹಾಕಿ. ಮುಂಗಾರು ಹಿಡಿದ ಮೇಲೆ ಕುಂಡದ ಸಮೇತ ನೆಡಿ, ಕಾಗದ ಮಣ್ಣಿನಲ್ಲಿ ಕರಗುತ್ತದೆ. ಕಪ್ಪು-ಬಿಳುಪು ಪುಟ ಬಳಸಿ, ಹೊಳಪಿನ ಬಣ್ಣದ ಪುಟ ಬೇಡ.

*ಮೆಂತ್ಯದ ಬುಟ್ಟಿ:* ಅಜ್ಜಿಯರ ಕಾಲದ ಕೈಕೆಲಸ. ಚೂರು ಮಾಡಿದ ಪೇಪರನ್ನು ನೀರಿನಲ್ಲಿ ನೆನೆಸಿಡುತ್ತಾರೆ. ನೆನೆದ ಮೆಂತ್ಯದ ಜೊತೆ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಬಟ್ಟೆ ಹೊದಿಸಿ ಮೆತ್ತಿ, ಬಿಸಿಲಿಗೆ ಒಣಗಿಸುತ್ತಾರೆ. ಮೆಂತ್ಯದಲ್ಲಿರುವ ಲೋಳೆ ಒಣಗಿದಾಗ ನಾರುಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇದಕ್ಕೆ ಬೇಸಿಗೆಯೇ ಸರಿ, ಮಲೆನಾಡಿನ ಮಳೆಯಲ್ಲಿ ಒಣಗುವುದು ಕಷ್ಟ. ಹಿಂದೆ ಇಂಥ ಬುಟ್ಟಿಯಲ್ಲಿ ಕಾಳುಕಡಿ ಇಡುತ್ತಿದ್ದರು. ಆದರೆ ಮರುಬಳಕೆಯ ರಟ್ಟಿನ ಪೆಟ್ಟಿಗೆಯಿಂದ ಒಣ ಆಹಾರಕ್ಕೂ ಖನಿಜ ತೈಲ ಸೇರುತ್ತದೆ ಎಂದು ಸ್ವಿಟ್ಜರ್‌ಲ್ಯಾಂಡಿನ ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಾಗಿ ಈಗ ಬುಟ್ಟಿ ಮಾಡಿದರೆ ನೂಲಿನ ಉಂಡೆ, ಬಟ್ಟೆ ಕ್ಲಿಪ್, ಬೀಗದ ಕೈ ಇಡಿ. ಕಾಳಿಗೆ ಡಬ್ಬಿಯೇ ಇರಲಿ.

ನೆನಪಿಟ್ಟುಕೊಳ್ಳಲು ಒಂದೇ ಮಾತು

ಯಾವುದೇ ವಸ್ತುವನ್ನು ಮರುಬಳಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ತಿನ್ನುವ ಪದಾರ್ಥಕ್ಕೆ ತಾಗುತ್ತದೆಯೇ? ತಾಗುವುದಾದರೆ, ಅದಕ್ಕೆಂದೇ ಮಾಡಿದ್ದೇ? ಪೇಂಟ್ ಬಕೆಟ್ಟಿನಲ್ಲಿ ಕುಡಿಯುವ ನೀರು ತುಂಬುವ ಮೊದಲೂ, ಔಷಧಿ ಸಿಂಪಡಿಸಿದ ಡಬ್ಬಿಯಲ್ಲಿ ಉಪ್ಪಿನಕಾಯಿ ಇಡುವ ಮೊದಲೂ ಇದೇ ಪ್ರಶ್ನೆ. ಗಿಡಕ್ಕೆ, ಶೂಗೆ, ಕಿಟಕಿ ಗಾಜಿಗೆ ಪೇಪರ್ ಧಾರಾಳವಾಗಿ ಬಳಸಿ. ತಟ್ಟೆಗೆ ಮಾತ್ರ ಬೇಡ.

ಮುಂದಿನ ಸಲ "ಪೇಪರ್ ಎಣ್ಣೆ ಹೀರುತ್ತದೆ" ಎಂಬ ಸಂದೇಶ ಮನೆಯ ಗ್ರೂಪಿಗೆ ಬಂದರೆ, ಕಳಿಸಿದವರಿಗೆ ಬೇಸರವಾಗದ ಹಾಗೆ ಹೇಳಿ: ಹೀರುತ್ತದೆ ಸರಿ, ಆದರೆ ಶಾಯಿಯನ್ನೂ ಬಿಡುತ್ತದೆ.