ಬಿಸಿಲು ತಡೆಯುವ ಬಟ್ಟೆ: ಒಗೆದರೆ ಅದರ ಗುಣ ಹೋಗುತ್ತದೆಯೇ?

ಬಸವೇಶ್ವರನಗರದಿಂದ ಪೀಣ್ಯಕ್ಕೋ ಮೆಜೆಸ್ಟಿಕ್‌ಗೋ ಸ್ಕೂಟರಿನಲ್ಲಿ ಹೋಗುವ ಅನೇಕರು ಈಗ ಕೈಗೆ ಸ್ಲೀವ್ಸ್, ಮೈಗೆ ಬಿಸಿಲು ತಡೆಯುವ ತೆಳು ಜಾಕೆಟ್ ಹಾಕಿಕೊಳ್ಳುತ್ತಾರೆ. ಒಗೆದಷ್ಟೂ ಇದರ ಗುಣ ಹೋಗುತ್ತದೆಂದು ಕೆಲವರು ವಾರಗಟ್ಟಲೆ ನೀರಿಗೇ ಹಾಕುವುದಿಲ್ಲ. ಇನ್ನು ಕೆಲವರು ಬೆವರಿನ ವಾಸನೆ ಹೋಗಲೆಂದು ಬ್ಲೀಚ್ ಹಾಕಿ ಉಜ್ಜುತ್ತಾರೆ. ಎರಡೂ ತಪ್ಪು.

ಯುಪಿಎಫ್ ಎಂದರೇನು?

ಬಟ್ಟೆಯ ಮೂಲಕ ಎಷ್ಟು ಅತಿನೇರಳೆ ಕಿರಣ ಚರ್ಮಕ್ಕೆ ತಲುಪುತ್ತದೆ ಎಂದು ತಿಳಿಸುವ ಅಂಕಿ ಇದು. ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ. 2ರಷ್ಟು ಮಾತ್ರ ಒಳಬರುತ್ತದೆ. ತೆಳುವಾದ ಬಿಳಿ ಹತ್ತಿ ಟೀ ಶರ್ಟಿನ ಯುಪಿಎಫ್ ಸಾಮಾನ್ಯವಾಗಿ 10ನ್ನೂ ಮುಟ್ಟುವುದಿಲ್ಲ. ನೆನೆದರೆ ಇನ್ನೂ ಇಳಿಯುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿದೆ ಎಂದ ಮಾತ್ರಕ್ಕೆ ಅತಿನೇರಳೆ ಕಿರಣ ಕಡಿಮೆ ಎಂದಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಇಲ್ಲಿನ ಯುವಿ ಸೂಚ್ಯಂಕ 11ನ್ನು ದಾಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಅತ್ಯಂತ ಅಪಾಯದ ಮಟ್ಟ.

ಒಗೆದರೆ ಏನಾಗುತ್ತದೆ?

ರಕ್ಷಣೆ ಬರುವುದು ಮುಖ್ಯವಾಗಿ ಒತ್ತಾದ ನೇಯ್ಗೆ, ನೂಲಿನ ಬಗೆ ಮತ್ತು ಬಣ್ಣದಿಂದ. ಸರಿಯಾಗಿ ಒಗೆದರೆ ಇವು ಬೇಗ ಹಾಳಾಗವು. ಹತ್ತಿ ಬಟ್ಟೆ ಮೊದಲ ಒಗೆತಗಳಲ್ಲಿ ಕುಗ್ಗಿ, ಎಳೆಗಳ ನಡುವಿನ ಸಂದು ಮುಚ್ಚಿ, ರಕ್ಷಣೆ ಕೊಂಚ ಹೆಚ್ಚುವುದೂ ಉಂಟು. ಆದರೆ ಕೆಲವು ಬಟ್ಟೆಗಳಿಗೆ ಮೇಲೆ ರಾಸಾಯನಿಕ ಲೇಪ ಕೊಟ್ಟಿರುತ್ತಾರೆ. ಅದು ಒಗೆದಂತೆ ಸವೆಯಬಹುದು. ಕೊಳ್ಳುವಾಗಲೇ ಲೇಬಲ್ ಓದಿ.

ಒಗೆಯುವುದು ಹೇಗೆ?

ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ, ಸೌಮ್ಯ ಡಿಟರ್ಜೆಂಟಿನಿಂದ ಒಗೆಯಿರಿ. ಬ್ಲೀಚ್ ಬೇಡ; ಅದು ಬಣ್ಣವನ್ನೂ ಹಿಗ್ಗುವ ಎಳೆಯನ್ನೂ ತಿನ್ನುತ್ತದೆ. ಈಜುಕೊಳದ ಕ್ಲೋರಿನ್ ಕೂಡ ಹಾಗೆಯೇ. ಈಜಿ ಬಂದ ಕೂಡಲೇ ಬಟ್ಟೆಯನ್ನು ಬರಿನೀರಿನಲ್ಲಿ ಜಾಲಾಡಿ. ಫ್ಯಾಬ್ರಿಕ್ ಕಂಡೀಷನರ್ ಎಳೆಗಳ ಮೇಲೆ ಪದರ ಕಟ್ಟುವುದರಿಂದ ಬೆವರು ಬೇಗ ಆರುವುದಿಲ್ಲ. ಮನೆಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರಾದರೆ ಬಾರ್ ಸೋಪು ಬೇಡ. ಅದು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಟ್ಟೆಯ ಮೇಲೆ ಬಿಳಿ ಜಿಡ್ಡಾಗಿ ಕೂರುತ್ತದೆ.

ಬಿಸಿಲಿಗಾಗಿಯೇ ಮಾಡಿದ ಬಟ್ಟೆಯನ್ನು ಬಿಸಿಲಲ್ಲಿ ಒಣಗಿಸಬಾರದೇ?

ನೆರಳೇ ಒಳ್ಳೆಯದು. ತೊಟ್ಟಾಗ ಬಿಸಿಲು ತಾಗಿಯೇ ತಾಗುತ್ತದೆ. ತಾರಸಿಯ ತಂತಿಯ ಮೇಲೆ ದಿನವಿಡೀ ಬಿಟ್ಟರೆ ಸುಮ್ಮನೆ ಬಣ್ಣ ಮಾಸಿ, ಎಳೆ ಬೇಗ ಸೋಲುತ್ತದೆ. ಗಾಳಿಯಾಡುವ ನೆರಳಿನಲ್ಲಿ ಪಾಲಿಯೆಸ್ಟರ್ ಹೇಗೂ ಬೇಗ ಒಣಗುತ್ತದೆ. ತಿರುಚಿ ಹಿಂಡಬೇಡಿ. ನೀರು ಸುರಿಯುವಾಗ ಭುಜಕ್ಕೆ ಕ್ಲಿಪ್ ಹಾಕಿ ನೇತುಹಾಕಿದರೆ ಭಾರಕ್ಕೆ ಜಗ್ಗಿ ನೇಯ್ಗೆ ಸಡಿಲವಾಗುತ್ತದೆ. ತಂತಿಯ ಮೇಲೆ ಇಮ್ಮಡಿಯಾಗಿ ಹರವಿ. ಡ್ರೈಯರಿನ ಹೆಚ್ಚು ಶಾಖ, ಬಿಸಿ ಇಸ್ತ್ರಿ ಎರಡೂ ಬೇಡ.

ಯಾವಾಗ ಬದಲಿಸಬೇಕು?

ಮೊಣಕೈ, ಭುಜದ ಕಡೆ ತೆಳುವಾದಾಗ, ಜಗ್ಗಿ ಹಿಂದಿನ ಅಳತೆಗೆ ಬಾರದಾದಾಗ, ಬಣ್ಣ ತೀರ ಮಾಸಿದಾಗ. ಬೆಳಕಿಗೆ ಹಿಡಿದರೆ ಸವೆದ ಜಾಗ ಕಾಣುತ್ತದೆ. ಆದರೆ ಅತಿನೇರಳೆ ಕಿರಣ ಕಣ್ಣಿಗೆ ಕಾಣದು; ಬೆಳಕು ಕಾಣಲಿಲ್ಲವೆಂದು ಪೂರ್ತಿ ನಂಬಬೇಡಿ. ಅಕ್ಕನ ಹಳೆಯ ಈಜುಡುಗೆಯನ್ನು ತಂಗಿಗೆ ತೊಡಿಸುವ ಮುನ್ನ ಇಷ್ಟು ನೋಡಿ. ಬಟ್ಟೆ ಸವೆದ ಮೇಲೂ ಲೇಬಲ್ಲಿನ 50 ಅಲ್ಲೇ ಇರುತ್ತದೆ.