ನಿರಂತರ ರೂಪ (ಇಂಗ್ಲಿಷ್ ವ್ಯಾಕರಣ)

ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಕ್ರಿಯೆಯು ಗೊತ್ತಾದ ಸಮಯದಲ್ಲಿ ಇನ್ನೂ ಮುಗಿಯದೆ ನಡೆಯುತ್ತಿರುವುದನ್ನು ಸೂಚಿಸುವ ಕ್ರಿಯಾಪದ ರೂಪವನ್ನು ನಿರಂತರ ರೂಪ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರೋಗ್ರೆಸಿವ್ ಅಥವಾ ಕಂಟಿನ್ಯುಅಸ್ ಎಂಬ ಹೆಸರುಗಳಿವೆ. ಶಾಲಾ ವ್ಯಾಕರಣಗಳು ಇದನ್ನು ಕಾಲದ ಒಂದು ಭೇದವೆಂದು ಹೇಳುವುದುಂಟು. ಆದರೆ ಕ್ರಿಯೆ ಯಾವಾಗ ನಡೆಯಿತೆಂಬುದನ್ನು ಕಾಲವು ತಿಳಿಸಿದರೆ, ಆಗ ಅದು ಮುಂದುವರಿಯುತ್ತಿತ್ತು ಎಂಬುದನ್ನು ನಿರಂತರ ರೂಪವು ತಿಳಿಸುತ್ತದೆ.

== ರಚನೆ ==

ಈ ರೂಪಕ್ಕೆ ಎರಡು ಅಂಗಗಳಿವೆ: 'ಬಿ' ಎಂಬ ಸಹಾಯಕ ಕ್ರಿಯಾಪದ ಮತ್ತು 'ಇಂಗ್' ಪ್ರತ್ಯಯ ಸೇರಿದ ಮುಖ್ಯ ಕ್ರಿಯಾಪದ. ಕಾಲ, ಪುರುಷ ಹಾಗೂ ವಚನಗಳಿಗೆ ಅನುಗುಣವಾಗಿ ಬದಲಾಗುವುದು ಸಹಾಯಕ ಕ್ರಿಯಾಪದದ ಭಾಗ ಮಾತ್ರ; 'ಇಂಗ್' ರೂಪವು ಬದಲಾಗುವುದಿಲ್ಲ.

* ವರ್ತಮಾನ: ಶಿ ಈಸ್ ರೀಡಿಂಗ್ – ಅವಳು ಓದುತ್ತಿದ್ದಾಳೆ.
* ಭೂತ: ಶಿ ವಾಸ್ ರೀಡಿಂಗ್ – ಅವಳು ಓದುತ್ತಿದ್ದಳು.
* ಭವಿಷ್ಯತ್: ಶಿ ವಿಲ್ ಬಿ ರೀಡಿಂಗ್ – ಅವಳು ಓದುತ್ತಿರುತ್ತಾಳೆ.
* ಪೂರ್ಣ ನಿರಂತರ: ಶಿ ಹ್ಯಾಸ್ ಬೀನ್ ರೀಡಿಂಗ್ – ಅವಳು ಆಗಿನಿಂದಲೂ ಓದುತ್ತಿದ್ದಾಳೆ.

ನಿಷೇಧಾರ್ಥದಲ್ಲಿ 'ನಾಟ್' ಎಂಬುದು ಮೊದಲ ಸಹಾಯಕ ಕ್ರಿಯಾಪದದ ನಂತರ ಬರುತ್ತದೆ: ಶಿ ಈಸ್ ನಾಟ್ ರೀಡಿಂಗ್. ಪ್ರಶ್ನೆಯಲ್ಲಿ ಆ ಕ್ರಿಯಾಪದವೇ ಕರ್ತೃವಿನ ಮುಂದೆ ನಿಲ್ಲುತ್ತದೆ: ಈಸ್ ಶಿ ರೀಡಿಂಗ್?

ಬರವಣಿಗೆಯಲ್ಲಿ 'ರೈಟ್', 'ಮೇಕ್' ಮುಂತಾದವುಗಳ ಕೊನೆಯ, ಉಚ್ಚಾರವಿಲ್ಲದ 'ಇ' ಅಕ್ಷರವು ಪ್ರತ್ಯಯ ಸೇರುವಾಗ ಲೋಪವಾಗುತ್ತದೆ. 'ರನ್', 'ಸಿಟ್' ಮುಂತಾದವುಗಳ ಕೊನೆಯ ವ್ಯಂಜನಾಕ್ಷರವು ಎರಡು ಬಾರಿ ಬರುತ್ತದೆ.

== ಕನ್ನಡದೊಂದಿಗೆ ಹೋಲಿಕೆ ==

ಕನ್ನಡದ 'ಓದುತ್ತಿದ್ದಾಳೆ' ಎಂಬುದರಲ್ಲಿಯೂ 'ಓದುತ್ತ' ಮತ್ತು 'ಇದ್ದಾಳೆ' ಎಂಬ ಎರಡು ಅಂಗಗಳಿವೆ. ಇವು ಸಂಧಿಯಿಂದ ಒಂದೇ ಪದವಾಗಿರುವುದರಿಂದ 'ಇರು' ಧಾತುವು ಎದ್ದು ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಎರಡೂ ಬೇರೆ ಪದಗಳಾಗಿದ್ದು, ಸಹಾಯಕ ಕ್ರಿಯಾಪದವನ್ನು ಬಿಟ್ಟು 'ಶಿ ರೀಡಿಂಗ್' ಎಂದರೆ ಶಿಷ್ಟ ಇಂಗ್ಲಿಷಿನಲ್ಲಿ ಪೂರ್ಣ ವಾಕ್ಯವಾಗದು.

'ಬಿ' ಮತ್ತು 'ಇಂಗ್' ಜೊತೆಯಲ್ಲಿ ಬಂದ ಮಾತ್ರಕ್ಕೆ ಅದು ನಿರಂತರ ರೂಪವೂ ಆಗುವುದಿಲ್ಲ. 'ಹರ್ ಹಾಬಿ ಈಸ್ ರೀಡಿಂಗ್' ಎಂಬಲ್ಲಿ 'ರೀಡಿಂಗ್' ಎಂಬುದು ಓದುವಿಕೆ ಎಂಬರ್ಥದ ನಾಮಪದ.

== ಬಳಕೆಯ ಮಿತಿಗಳು ==

ಅರಿವು, ನಂಬಿಕೆ, ಒಡೆತನ ಮೊದಲಾದ ಸ್ಥಿತಿಗಳನ್ನು ಹೇಳುವ ಕ್ರಿಯಾಪದಗಳು ಸಾಮಾನ್ಯವಾಗಿ ಈ ರೂಪದಲ್ಲಿ ಬರುವುದಿಲ್ಲ. 'ಐ ನೋ' ಎಂಬುದು ಶಿಷ್ಟ ಪ್ರಯೋಗ. ಭಾರತೀಯ ಇಂಗ್ಲಿಷಿನಲ್ಲಿ ಕೇಳಿಬರುವ 'ಐ ಆಮ್ ನೋಯಿಂಗ್' ಎಂಬುದನ್ನು ಪಠ್ಯಪುಸ್ತಕಗಳು ಒಪ್ಪುವುದಿಲ್ಲ. ಕೆಲವು ಕ್ರಿಯಾಪದಗಳಲ್ಲಿ ರೂಪದೊಂದಿಗೆ ಅರ್ಥವೂ ಬದಲಾಗುತ್ತದೆ: 'ಐ ಥಿಂಕ್' ಎಂದರೆ ನನ್ನ ಅಭಿಪ್ರಾಯ, 'ಐ ಆಮ್ ಥಿಂಕಿಂಗ್' ಎಂದರೆ ಯೋಚಿಸುತ್ತಿದ್ದೇನೆ. ನಿಶ್ಚಯಿಸಿದ ಮುಂದಿನ ಕಾರ್ಯವನ್ನು ಹೇಳಲು ವರ್ತಮಾನದ ನಿರಂತರ ರೂಪವನ್ನೇ ಬಳಸಬಹುದು: ವಿ ಆರ್ ಲೀವಿಂಗ್ ಟುಮಾರೊ.

== ಇತಿಹಾಸ ==

ಪ್ರಾಚೀನ ಇಂಗ್ಲಿಷಿನಲ್ಲಿಯೂ 'ಇರು' ಎಂಬರ್ಥದ ಕ್ರಿಯಾಪದದೊಡನೆ 'ಎಂಡೆ' ಪ್ರತ್ಯಯವುಳ್ಳ ಕೃದಂತವನ್ನು ಬಳಸುತ್ತಿದ್ದರು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಆ ಸ್ಥಾನಕ್ಕೆ 'ಇಂಗ್' ಬಂದಿತು. ಕರ್ಮಣಿ ಪ್ರಯೋಗದ 'ದ ಹೌಸ್ ಈಸ್ ಬೀಯಿಂಗ್ ಬಿಲ್ಟ್' ಎಂಬ ಬಗೆಯು ರೂಢಿಗೆ ಬಂದದ್ದು 18ನೆಯ ಶತಮಾನದ ಕೊನೆಯಿಂದೀಚೆಗೆ. ಅದಕ್ಕೆ ಮೊದಲು ಇದೇ ಅರ್ಥದಲ್ಲಿ 'ದ ಹೌಸ್ ಈಸ್ ಬಿಲ್ಡಿಂಗ್' ಎನ್ನುತ್ತಿದ್ದರು.